ಕೊಟ್ಟಿಗೆಯ ಮಾತು ಕಲಿಯುವ ಬಗೆ: ಹೊಸದಾಗಿ ದನ ಸಾಕುವವರಿಗೆ ಪದಪರಿಚಯ

ಹಲವು ವರ್ಷಗಳ ಹಿಂದೆ ಒಂದು ದನದ ಜಾತ್ರೆಯಲ್ಲಿ ನಾನು ಮೊದಲ ಹಸುವನ್ನು ಕೊಂಡಾಗ ಮಾರುವವರು ಹೇಳಿದ್ದು ಒಂದೇ ಸಾಲು: ‘ಎರಡನೇ ಸೂಲು, ಐದು ತಿಂಗಳ ಗಬ್ಬ, ಬಾಯಿ ಈಗ ಕೂಡ್ತಾ ಇದೆ.’ ಆ ಮೂರು ಮಾತಿಗೂ ಒಂದೊಂದು ಪರೀಕ್ಷೆ ಇದೆ. ನಾನು ಒಂದನ್ನೂ ಮಾಡದೆ ತಲೆಯಾಡಿಸಿದೆ. ಮನೆಗೆ ತಂದ ಮೂರನೆಯ ದಿನ ಪಶುವೈದ್ಯರು ಕೈ ಹಾಕಿ ನೋಡಿ ಗರ್ಭವಿಲ್ಲ ಎಂದರು. ಬಾಯಿ ಬಿಡಿಸಿ, ಎಂಟು ಹಲ್ಲೂ ಬಂದು ಸವೆಯಲು ತೊಡಗಿ ಕಾಲವಾಗಿದೆ ಎಂದರು. ಮಾರಿದವರ ಮೇಲೆ ಸಿಟ್ಟು ಬಂದದ್ದು ನಿಜವಾದರೂ, ಅವರಾಡಿದ ಮಾತು ನನಗೆ ಅರ್ಥವಾಗಿರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ನಿಜ.

ಕೊಟ್ಟಿಗೆಯಲ್ಲಿ ಬಳಕೆಯಾಗುವ ಹೆಚ್ಚಿನ ಪದಗಳ ಹಿಂದೆ ಒಂದು ದಿನಾಂಕವೋ, ಎಣಿಕೆಯೋ, ಕಣ್ಣಾರೆ ಕಂಡುಕೊಳ್ಳಬೇಕಾದ ಗುರುತೋ ಇರುತ್ತದೆ. ಆದ್ದರಿಂದ ಪದವನ್ನು ಅರ್ಥದೊಡನೆ ಬಾಯಿಪಾಠ ಮಾಡುವ ಬದಲು, ಅದರ ಪರೀಕ್ಷೆಯೊಡನೆ ಕಲಿಯುವ ಕ್ರಮವನ್ನು ಇಲ್ಲಿ ಅನುಸರಿಸಿದ್ದೇನೆ. ಹಸುವಿನ ವಿಷಯವೇ ಹೆಚ್ಚು ಬರುತ್ತದೆ. ಅದನ್ನು ಚೆನ್ನಾಗಿ ತಿಳಿದವರಿಗೆ ಉಳಿದ ಪ್ರಾಣಿಗಳ ಮಾತು ಬೇಗ ಹತ್ತುತ್ತದೆ.

ಹೆಣ್ಣು, ಗಂಡು, ಸೂಲು

‘ದನ’ ಎಂಬುದು ಹಸು, ಎತ್ತು, ಕರು ಎಲ್ಲಕ್ಕೂ ಸಲ್ಲುವ ಒಟ್ಟು ಹೆಸರು. ‘ಹಸು’ ಎಂದು ದಕ್ಷಿಣದ ಜಿಲ್ಲೆಗಳಲ್ಲಿ ಕರೆಯುವುದನ್ನು ಉತ್ತರ ಕರ್ನಾಟಕದಲ್ಲಿ ‘ಆಕಳು’ ಎನ್ನುತ್ತಾರೆ. ಹುಟ್ಟಿದ್ದು ಹೆಣ್ಣುಗರು ಅಥವಾ ಹೋರಿಗರು. ಹೆಣ್ಣುಗರು ಬೆಳೆದು ಪ್ರಾಯಕ್ಕೆ ಬಂದು, ಇನ್ನೂ ಒಮ್ಮೆಯೂ ಈಯದೆ ಇರುವವರೆಗೆ ಅದು ಕಡಸು ಅಥವಾ ಮಣಕ. ಮೊದಲ ಸಲ ಈದಾಗ ಅದು ಚೊಚ್ಚಲು ಹಸು. ಅಲ್ಲಿಂದ ಮುಂದೆ ಅದರ ವಯಸ್ಸನ್ನು ವರ್ಷದಲ್ಲಿ ಹೇಳುವವರು ಕಡಿಮೆ. ಎಷ್ಟನೆಯ ಸೂಲು ಎಂದೇ ಕೇಳುತ್ತಾರೆ. ಎಷ್ಟು ಬಾರಿ ಈದಿದೆ ಎಂಬುದೇ ಸೂಲಿನ ಲೆಕ್ಕ. ಹಾಲಿನ ಇಳುವರಿ ಸಾಮಾನ್ಯವಾಗಿ ಮೂರನೆಯ ಅಥವಾ ನಾಲ್ಕನೆಯ ಸೂಲಿನ ಹೊತ್ತಿಗೆ ಮೇಲಿನ ಮಟ್ಟ ಮುಟ್ಟುವುದರಿಂದ, ‘ಎರಡನೇ ಸೂಲು’ ಎಂಬ ಮಾತಿಗೆ ಜಾತ್ರೆಯಲ್ಲಿ ಬೆಲೆ ಹೆಚ್ಚು, ಅದನ್ನು ಸುಳ್ಳಾಗಿ ಹೇಳುವ ಆಸೆಯೂ ಹೆಚ್ಚು.

ಗಂಡಿನ ಕಡೆ, ಬೀಜವಿರುವುದು ಹೋರಿ. ತಳಿ ಬೆಳೆಸಲು ಬಿಟ್ಟದ್ದು ಬೀಜದ ಹೋರಿ ಅಥವಾ ಗೂಳಿ. ಹಿಡ ಮಾಡಿಸಿ ನೊಗಕ್ಕೆ ಹೂಡುವುದು ಎತ್ತು. ಹಿಡ ಮಾಡುವುದೆಂದರೆ ಬೀಜದ ಕೆಲಸ ನಿಲ್ಲಿಸುವುದು. ಈಗ ಅದನ್ನು ಬರ್ಡಿಜೊ ಎಂಬ ಇಕ್ಕಳದಿಂದ, ಚರ್ಮ ಕೊಯ್ಯದೆ, ಒಳಗಿನ ನಾಳವನ್ನು ಮಾತ್ರ ಜಜ್ಜಿ ಮಾಡುತ್ತಾರೆ. ಎಮ್ಮೆಯ ಗಂಡು ಕೋಣ. ಹಿಡ ಮಾಡಿದ್ದಕ್ಕೂ ಮಾಡದ್ದಕ್ಕೂ ಅದೇ ಹೆಸರು ನಡೆಯುವುದರಿಂದ ಕೊಳ್ಳುವಾಗ ಬಿಡಿಸಿ ಕೇಳಬೇಕು.

ಇಲ್ಲಿ ಒಂದು ಪದವನ್ನು ಬಹಳ ಎಚ್ಚರದಿಂದ ಬಳಸಿ ಎಂದು ಹೇಳಬೇಕಾಗಿದೆ: ‘ಗೊಡ್ಡು’. ಕೆಲವರ ಬಾಯಲ್ಲಿ ಅದು ಎಂದೂ ಗಬ್ಬ ಕಟ್ಟದ ಬಂಜೆ ಹಸು. ಇನ್ನು ಕೆಲವರ ಬಾಯಲ್ಲಿ ಸದ್ಯಕ್ಕೆ ಹಾಲು ಕೊಡದ ಹಸು ಅಷ್ಟೆ. ಎರಡನೆಯದಕ್ಕೆ ‘ಬತ್ತಿದ ಹಸು’ ಎಂಬ ಸ್ಪಷ್ಟವಾದ ಪದವಿದೆ. ಬತ್ತಿದ ಹಸು ತುಂಬುಗಬ್ಬವಾಗಿದ್ದು ಎರಡು ತಿಂಗಳಲ್ಲಿ ಈಯುವಂಥದ್ದಾಗಿರಬಹುದು. ಗೊಡ್ಡು ಎಂಬ ಮಾತು ಕೇಳಿ ಅಂಥದನ್ನು ಅಗ್ಗಕ್ಕೆ ಮಾರಿಕೊಂಡವರೂ ಇದ್ದಾರೆ.

ನಿಜವಾಗಿ ಬಂಜೆಯಾಗುವ ಒಂದು ಸಂದರ್ಭವನ್ನು ಹುಟ್ಟಿದ ದಿನವೇ ಊಹಿಸಬಹುದು. ಹೋರಿಗರು ಮತ್ತು ಹೆಣ್ಣುಗರು ಅವಳಿಯಾಗಿ ಹುಟ್ಟಿದರೆ, ಆ ಹೆಣ್ಣುಗರು ಹತ್ತರಲ್ಲಿ ಒಂಬತ್ತು ಪಾಲು ಗಬ್ಬ ಕಟ್ಟುವುದಿಲ್ಲ. ಗರ್ಭದಲ್ಲಿರುವಾಗಲೇ ಎರಡರ ರಕ್ತನಾಳಗಳು ಕೂಡಿಕೊಂಡು, ಗಂಡಿನ ಕಡೆಯ ಹಾರ್ಮೋನುಗಳು ಹೆಣ್ಣಿನ ಜನನಾಂಗದ ಬೆಳವಣಿಗೆಯನ್ನು ತಡೆಯುತ್ತವೆ. ಪಶುವೈದ್ಯರು ಇದನ್ನು ಫ್ರೀಮಾರ್ಟಿನ್ ಎನ್ನುತ್ತಾರೆ. ಅದರ ಜೊತೆ ಹುಟ್ಟಿದ ಹೋರಿಗರುವಿಗೆ ಸಾಮಾನ್ಯವಾಗಿ ಅಂಥ ತೊಂದರೆ ಆಗದು.

ಬಾಯಿ ನೋಡುವುದು

ದನಕ್ಕೆ ಮೇಲಿನ ದವಡೆಯಲ್ಲಿ ಮುಂಭಾಗದ ಹಲ್ಲುಗಳೇ ಇಲ್ಲ. ಅಲ್ಲಿರುವುದು ಗಟ್ಟಿಯಾದ ಒಸಡು. ಕೆಳಗಿನ ದವಡೆಯ ಮುಂಭಾಗದಲ್ಲಿ ಎಂಟು ಹಲ್ಲು. ವಯಸ್ಸನ್ನು ಹೇಳುವುದು ಈ ಎಂಟೇ. ಒಂದು ಕೈಯಲ್ಲಿ ಮೂಗಿನ ಹೊಳ್ಳೆಗಳ ನಡುವಿನ ಜಾಗವನ್ನು ಹಿಡಿದು ತಲೆಯನ್ನು ತುಸು ಎತ್ತಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಕೆಳತುಟಿಯನ್ನು ಕೆಳಗೆ ಸರಿಸಿದರೆ ಸಾಕು. ದವಡೆಯನ್ನು ಪೂರ್ತಿ ತೆರೆಸಬೇಕಾಗಿಲ್ಲ. ಎಲ್ಲವೂ ಸಣ್ಣದಾಗಿ ಹಾಲಿನಂತೆ ಬೆಳ್ಳಗಿದ್ದರೆ ‘ಹಾಲುಹಲ್ಲು’. ನಡುವಿನ ಒಂದು ಜೊತೆ ಬಿದ್ದು ಅಗಲವಾದ ಹಲ್ಲು ಬಂದಿದ್ದರೆ ‘ಎರಡು ಹಲ್ಲು’, ಅಂದರೆ ಎರಡರಿಂದ ಎರಡೂವರೆ ವರ್ಷ. ಅದರ ಎರಡೂ ಪಕ್ಕದ ಜೊತೆ ಬಂದಾಗ ‘ನಾಲ್ಕು ಹಲ್ಲು’, ಮೂರು ವರ್ಷದ ಸುಮಾರು. ‘ಆರು ಹಲ್ಲು’ ಮೂರೂವರೆಯ ಆಸುಪಾಸು. ಎಂಟೂ ಬಂದರೆ ‘ಬಾಯಿಗೂಡಿದೆ’, ನಾಲ್ಕರಿಂದ ನಾಲ್ಕೂವರೆ. ನಾಟಿ ದನಗಳಲ್ಲಿ ಇದು ಕೆಲವು ತಿಂಗಳು ತಡವಾಗುವುದುಂಟು.

ಬಾಯಿಗೂಡಿದ ಮೇಲೆ ಹಲ್ಲಿನ ಎಣಿಕೆ ಮುಗಿಯಿತು, ಸವೆತವನ್ನೇ ನೋಡಬೇಕು. ಹಲ್ಲಿನ ಅಂಚು ಚೂಪಾಗಿದೆಯೋ ಚಪ್ಪಟೆಯಾಗಿದೆಯೋ, ಹಲ್ಲುಗಳ ನಡುವೆ ಸಂದು ಬಿದ್ದಿದೆಯೋ ಎಂಬುದರಿಂದ ಅಂದಾಜು ಮಾಡಬಹುದಾದರೂ, ಕಲ್ಲುನೆಲದಲ್ಲಿ ಮೇದ ದನದ ಹಲ್ಲು ಬೇಗ ಸವೆಯುತ್ತದೆ ಎಂಬುದು ನೆನಪಿರಲಿ. ಕೊಂಬಿನ ಉಂಗುರಗಳನ್ನು ಎಣಿಸಿ ವಯಸ್ಸು ಹೇಳುವವರ ಮಾತನ್ನು ನಾನು ನಂಬುವುದಿಲ್ಲ. ಜಾತ್ರೆಗೆ ಬರುವ ಮುನ್ನ ಕೊಂಬು ಹೆರೆದು ಎಣ್ಣೆ ಹಚ್ಚುವುದು ವಾಡಿಕೆ. ಉಂಗುರ ಅಲ್ಲೇ ಹೋಗಿರುತ್ತದೆ.

ಬೆದೆಯಿಂದ ಗಿಣ್ಣಿನವರೆಗೆ

ಹೈನುಗಾರಿಕೆಯ ಲಾಭನಷ್ಟವೆಲ್ಲ ಇರುವುದು ಈ ಭಾಗದ ಪದಗಳಲ್ಲಿ. ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡುವುದು ಒಳ್ಳೆಯದು.

ಹಸು ಗರ್ಭ ಧರಿಸಲು ಸಿದ್ಧವಾದ ಸ್ಥಿತಿಗೆ ‘ಬೆದೆ’ ಎನ್ನುತ್ತಾರೆ. ಗಬ್ಬ ಕಟ್ಟದ ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆ ಸ್ಥಿತಿ 12ರಿಂದ 18 ಗಂಟೆ ಮಾತ್ರ ಇರುತ್ತದೆ. ಕೂಗುವುದು, ಮೇವು ಬಿಡುವುದು, ಹಾಲು ಕಡಿಮೆಯಾಗುವುದು, ಪದೇಪದೇ ಸ್ವಲ್ಪಸ್ವಲ್ಪ ಗಂಜಲ ಹಾಕುವುದು ಇವೆಲ್ಲ ಸೂಚನೆಗಳೇ. ಆದರೆ ಬೇರೆ ಹಸು ಮೇಲೆ ಹತ್ತಿದಾಗ ಅಲುಗದೆ ನಿಂತುಕೊಡುವುದು ಖಚಿತವಾದ ಗುರುತು. ಒಂದೇ ಹಸು ಇರುವ ಮನೆಯಲ್ಲಿ ಈ ಗುರುತು ಸಿಗದು. ಆಗ ಬೆಳಗಿನ ಜಾವ ಹಸು ಮಲಗಿದ್ದಾಗ ಹಿಂಬದಿಯ ನೆಲವನ್ನು ನೋಡಬೇಕು. ಮೊಟ್ಟೆಯ ಬಿಳಿಯಂತೆ ತಿಳಿಯಾದ, ಬೆರಳಲ್ಲಿ ಎಳೆದರೆ ದಾರದಂತೆ ಉದ್ದವಾಗುವ ಲೋಳೆ ಕಂಡರೆ ಬೆದೆ. ಲೋಳೆ ಹಳದಿಯಾಗಿ, ಮೊಸರಿನ ಕಣದಂಥದು ಬೆರೆತಿದ್ದರೆ ಗರ್ಭಕೋಶದಲ್ಲಿ ಸೋಂಕಿದೆ. ಆಗ ಮೊದಲು ಚಿಕಿತ್ಸೆ, ಆಮೇಲೆ ಬೀಜ ಕೊಡಿಸುವುದು, ಅಂದರೆ ಗರ್ಭಧಾರಣೆ.

ಹೋರಿ ಬಿಡಿಸುವುದು ಈಗ ಕಡಿಮೆಯಾಗಿ, ಹೆಚ್ಚಿನ ಕಡೆ ಕೃತಕ ಗರ್ಭಧಾರಣೆ ನಡೆಯುತ್ತದೆ. ಹಳ್ಳಿಯಲ್ಲಿ ಇದಕ್ಕೆ ‘ಇಂಜೆಕ್ಷನ್ ಕೊಡಿಸುವುದು’ ಎಂದೇ ಹೆಸರು. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಇಟ್ಟಿದ್ದ ವೀರ್ಯದ ಕಡ್ಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಗರ್ಭಕೋಶಕ್ಕೆ ಬಿಡುತ್ತಾರೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬುದು ಇದರ ನಿಯಮ. ಬೆದೆ ಮುಗಿದು ಹತ್ತು ಹನ್ನೆರಡು ಗಂಟೆಯ ಮೇಲೆ ಅಂಡ ಬಿಡುಗಡೆಯಾಗುವುದೇ ಇದಕ್ಕೆ ಕಾರಣ. ಬಾಲಕ್ಕೆ ಅಂಟಿದ ರಕ್ತವನ್ನು ಕಂಡು ‘ಈಗ ಬೆದೆ’ ಎಂದು ಓಡಿ ಬರುವವರಿದ್ದಾರೆ. ಅದು ಬೆದೆ ಮುಗಿದು ಒಂದೆರಡು ದಿನವಾಯಿತೆಂಬ ಗುರುತು. ಆ ದಿನವನ್ನು ಬರೆದಿಟ್ಟುಕೊಂಡು, ಸುಮಾರು 18 ದಿನದಿಂದ ಮತ್ತೆ ಕಾದು ನೋಡಬೇಕು. ಎಮ್ಮೆಯಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಇಷ್ಟು ಗುರುತೂ ಕಾಣದ ‘ಮೂಕ ಬೆದೆ’ ಬರುವುದುಂಟು.

ಬೀಜ ಕೊಡಿಸಿದ ಮಾತ್ರಕ್ಕೆ ಅದು ಗಬ್ಬವಲ್ಲ. 21 ದಿನಕ್ಕೆ ಮತ್ತೆ ಬೆದೆಗೆ ಬರದಿದ್ದರೆ ಭರವಸೆ ಇಟ್ಟುಕೊಳ್ಳಬಹುದು. ಎರಡರಿಂದ ಮೂರು ತಿಂಗಳ ನಡುವೆ ಪಶುವೈದ್ಯರು ಗುದದ್ವಾರದ ಮೂಲಕ ಕೈ ಹಾಕಿ ಗರ್ಭಕೋಶವನ್ನು ಮುಟ್ಟಿ ನೋಡಿದ ಮೇಲೆಯೇ ‘ಗಬ್ಬ ನಿಂತಿದೆ’ ಎನ್ನಬೇಕು. ಐದು ತಿಂಗಳ ಗಬ್ಬ ಎಂದು ಯಾರಾದರೂ ಹೇಳಿದರೆ, ಯಾವ ದಿನ ಬೀಜ ಕೊಡಿಸಿದ್ದು ಎಂದು ಕೇಳಿ. ದಿನ ಹೇಳಲಾರದವರ ತಿಂಗಳ ಲೆಕ್ಕಕ್ಕೆ ಬೆಲೆ ಕಟ್ಟಬೇಡಿ.

ಹಸುವಿನ ಗರ್ಭದ ಅವಧಿ ಸುಮಾರು 280 ದಿನ. ಒಂಬತ್ತು ತಿಂಗಳ ಮೇಲೆ ಒಂದು ವಾರ ಅಥವಾ ಹತ್ತು ದಿನ ಎಂದು ಲೆಕ್ಕವಿಟ್ಟರೆ ಸಾಕು. ಜನವರಿ 1ಕ್ಕೆ ಗಬ್ಬ ಕಟ್ಟಿದ್ದು ಅಕ್ಟೋಬರ್ 10ರ ಆಸುಪಾಸಿನಲ್ಲಿ ಈಯುತ್ತದೆ. ಎಮ್ಮೆಗೆ ಸುಮಾರು 310 ದಿನ. ಏಳು ತಿಂಗಳು ತುಂಬಿದಾಗ ಹಾಲು ಬತ್ತಿಸಬೇಕು, ಅಂದರೆ ಈಯುವ 60 ದಿನ ಮೊದಲೇ ಕರೆಯುವುದನ್ನು ನಿಲ್ಲಿಸಬೇಕು. ‘ಇನ್ನೂ ಎರಡು ಲೀಟರ್ ಕೊಡ್ತಾ ಇದೆಯಲ್ಲ’ ಎಂದು ಕರೆಯುತ್ತಲೇ ಹೋದರೆ ಕೆಚ್ಚಲಿಗೆ ಬಿಡುವು ಸಿಗದೆ ಮುಂದಿನ ಸೂಲಿನ ಹಾಲು ಕಡಿಮೆಯಾಗುತ್ತದೆ.

ಈದ ಮೇಲೆ ಬೀಳುವ ಚೀಲಕ್ಕೆ ‘ಕಸ’, ‘ಸತ್ತೆ’, ‘ಮಾಸು’ ಎಂದು ಊರಿಗೊಂದು ಹೆಸರು. ಅದು 12 ಗಂಟೆಯೊಳಗೆ ಬೀಳಬೇಕು. ಬೀಳದಿದ್ದರೆ ಅದಕ್ಕೆ ಕಲ್ಲು ಕಟ್ಟಿ ಎಳೆಯುವ ಪದ್ಧತಿ ಒಂದೊಂದು ಕಡೆ ಇನ್ನೂ ಇದೆ. ಅದನ್ನು ಮಾಡಲೇಬೇಡಿ, ಗರ್ಭಕೋಶವೇ ಹೊರಬರಬಹುದು. ಕೆಚ್ಚಲಿನ ಮೊದಲ ದಪ್ಪ ಹಳದಿ ಹಾಲು ‘ಗಿಣ್ಣು’. ಗಿಣ್ಣು ಎಂದ ಕೂಡಲೇ ನಮಗೆ ಏಲಕ್ಕಿ ಹಾಕಿ ಬೇಯಿಸಿದ ಸಿಹಿ ನೆನಪಾಗುತ್ತದೆ. ಆದರೆ ಅದರ ಮೊದಲ ಹಕ್ಕುದಾರ ಕರು. ದನಗಳಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲಿ ಕರುವಿಗೆ ದಾಟುವುದಿಲ್ಲ, ಗಿಣ್ಣಿನ ಮೂಲಕವೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಸಾಮರ್ಥ್ಯವೂ ಗಂಟೆಗಂಟೆಗೆ ಕುಗ್ಗಿ ಒಂದು ದಿನದೊಳಗೆ ಮುಗಿಯುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಗುಟುಕು, ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 25 ಕಿಲೋ ಕರುವಿಗೆ ಎರಡೂವರೆ ಲೀಟರ್ ಗಿಣ್ಣು ಹೊಟ್ಟೆ ಸೇರಬೇಕು. ಕಸ ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದೆಂಬ ನಂಬಿಕೆ ಎಷ್ಟು ಕರುಗಳ ಜೀವ ತೆಗೆದಿದೆಯೋ!

ಕರಾವಿನ ಇನ್ನೆರಡು ಮಾತುಗಳು ಇಲ್ಲಿಗೇ ಸೇರುತ್ತವೆ. ಕರು ಗುದ್ದಿದಾಗ ಅಥವಾ ಕೆಚ್ಚಲು ತೊಳೆದಾಗ ಹಾಲು ಮೊಲೆಗಿಳಿಯುವುದಕ್ಕೆ ‘ತೊರೆ ಬಿಡುವುದು’ ಎಂದು ಹೆಸರು. ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಈ ಕೆಲಸ ಕೆಲವೇ ನಿಮಿಷ ನಡೆಯುವುದರಿಂದ, ತೊರೆ ಬಿಟ್ಟ ಮೇಲೆ ಐದಾರು ನಿಮಿಷದಲ್ಲಿ ಕರೆದು ಮುಗಿಸಬೇಕು. ಇನ್ನೊಂದು ‘ಕೆಚ್ಚಲು ಬಾವು’. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಕರೆದು ನೋಡಿ. ಬಿಳಿ ಗಡ್ಡೆಗಳು ಬಟ್ಟೆಯ ಮೇಲೆ ನಿಂತರೆ, ಕೆಚ್ಚಲು ಊದದಿದ್ದರೂ ಬಾವು ಶುರುವಾಗಿದೆ. ಡೇರಿಯ ಚೀಟಿಯಲ್ಲಿ ಕಾಣುವ ‘ಫ್ಯಾಟ್’ ಎಂದರೆ ಜಿಡ್ಡು, ‘ಎಸ್‌ಎನ್‌ಎಫ್’ ಎಂದರೆ ಜಿಡ್ಡು ಬಿಟ್ಟು ಉಳಿದ ಘನಾಂಶ; ಆಹಾರ ಸುರಕ್ಷತಾ ನಿಯಮದಂತೆ ಹಸುವಿನ ಹಾಲಿನಲ್ಲಿ ಇವು ಕನಿಷ್ಠ ಶೇ. 3.2 ಮತ್ತು ಶೇ. 8.3 ಇರಬೇಕು.

ತಳಿಯ ಹೆಸರು

‘ನಾಟಿ’, ‘ಸೀಮೆ ಹಸು’, ‘ಜರ್ಸಿ’ ಎಂಬ ಮೂರೇ ಪದಗಳಲ್ಲಿ ಊರಿನ ದನವನ್ನೆಲ್ಲ ವಿಂಗಡಿಸುವ ರೂಢಿ ನಮ್ಮಲ್ಲಿದೆ. ಕಪ್ಪುಬಿಳುಪಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಶಿಯನ್) ಮಿಶ್ರತಳಿಯನ್ನೂ ಜರ್ಸಿ ಎನ್ನುವವರಿಗೆ ಕೊರತೆಯಿಲ್ಲ. ಭಾರತೀಯ ತಳಿಗಳಿಗೆ ಹೆಗಲ ಮೇಲೆ ಹಿಣಿಲು, ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಇರುತ್ತವೆ. ಐರೋಪ್ಯ ತಳಿಗಳಿಗೆ ಹಿಣಿಲಿಲ್ಲ. ಮಿಶ್ರತಳಿಯಲ್ಲಿ ಅದು ಅರೆಬರೆ.

ಕರ್ನಾಟಕದ ದನದ ತಳಿಗಳಾಗಿ ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ಕೃಷ್ಣಾ ವ್ಯಾಲಿ, ದೇವಣಿ, ಮಲೆನಾಡು ಗಿಡ್ಡ ಇವುಗಳನ್ನು ತಿಳಿದಿರಬೇಕು. ಖಿಲಾರಿ ಮತ್ತು ದೇವಣಿ ಮಹಾರಾಷ್ಟ್ರದಲ್ಲಿಯೂ ಇವೆ. ಹಳ್ಳಿಕಾರ್, ಅಮೃತಮಹಲ್, ಖಿಲಾರಿಗಳು ದುಡಿಮೆಯ ತಳಿಗಳು. ಅವುಗಳನ್ನು ಹಾಲಿನ ಲೀಟರಿನಲ್ಲಿ ಅಳೆದು ‘ಕಳಪೆ’ ಎನ್ನುವುದು ನೇಗಿಲನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ. ದೇವಣಿ ಹಾಲಿಗೂ ದುಡಿಮೆಗೂ ಸಲ್ಲುವ ತಳಿ. ಅಮೃತಮಹಲ್ ಎಂಬುದು ಮೊದಲು ತಳಿಯ ಹೆಸರಾಗಿರಲೇ ಇಲ್ಲ: ಮೈಸೂರು ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಟಿಪ್ಪು ಸುಲ್ತಾನ್ ‘ಅಮೃತಮಹಲ್’ ಎಂದು ಕರೆದ, ಇಲಾಖೆಯ ಹೆಸರೇ ದನಕ್ಕೆ ನಿಂತಿತು. ತಳಿಗಳನ್ನು ಅಧಿಕೃತವಾಗಿ ನೋಂದಾಯಿಸುವ ಕೇಂದ್ರ ಸಂಸ್ಥೆ ಹರಿಯಾಣದ ಕರ್ನಾಲ್‌ನಲ್ಲಿದೆ. ನೋಂದಾಯಿತ ತಳಿಯ ಲಕ್ಷಣಗಳಿಗೆ ಹೊಂದದ ದನಕ್ಕೆ ‘ನಾಟಿ’ ಎನ್ನುವುದು ಸರಿ, ಹಳ್ಳಿಕಾರನ್ನು ಬರೀ ನಾಟಿ ಎನ್ನುವುದು ಸರಿಯಲ್ಲ.

ಮೇವು ಮತ್ತು ಮೆಲುಕು

ಮೇವಿನ ಪದಗಳಲ್ಲಿ ಗೊಂದಲ ಕಡಿಮೆ. ನೇಪಿಯರ್, ಮುಸುಕಿನ ಜೋಳ, ಕುದುರೆ ಮಸಾಲೆ, ಅಲಸಂದೆ ಇವು ಹಸಿರು ಮೇವು. ರಾಗಿ ಹುಲ್ಲು, ಭತ್ತದ ಹುಲ್ಲು, ಜೋಳದ ಸೊಪ್ಪೆ ಒಣ ಮೇವು. ಹಿಂಡಿ, ಬೂಸಾ, ತೌಡು ಸೇರಿದ್ದು ದಾಣಿ ಅಥವಾ ಪಶು ಆಹಾರ. ಹಸಿರು ಮೇವನ್ನು ಕತ್ತರಿಸಿ, ಗಾಳಿಯಾಡದಂತೆ ಒತ್ತಿ ತುಂಬಿ ಹುಳಿ ಬರಿಸಿದ್ದು ರಸಮೇವು. ‘ಒಣಾಂಶ’ ಎಂಬ ಪದವೊಂದನ್ನು ಹೊಸದಾಗಿ ಕಲಿಯಬೇಕು: ಮೇವಿನಲ್ಲಿರುವ ನೀರನ್ನೆಲ್ಲ ಕಳೆದರೆ ಉಳಿಯುವ ತೂಕ. ಕರಾವಿನ ಹಸುವಿಗೆ ದಿನಕ್ಕೆ ತನ್ನ ತೂಕದ ಶೇ. 2.5ರಿಂದ 3ರಷ್ಟು ಒಣಾಂಶ ಬೇಕು. ಹಸಿರು ಮೇವಿನಲ್ಲಿ ಬಹುಪಾಲು ನೀರೇ ಇರುವುದರಿಂದ, ‘ಇಪ್ಪತ್ತು ಕಿಲೋ ಹುಲ್ಲು ಹಾಕಿದ್ದೇನೆ’ ಎಂಬ ಸಮಾಧಾನ ಒಣಾಂಶದ ಲೆಕ್ಕದಲ್ಲಿ ಸುಮಾರು ನಾಲ್ಕು ಕಿಲೋಗೆ ಇಳಿಯುತ್ತದೆ.

ಮೆಲುಕು ಹಾಕುವ ಪ್ರಾಣಿಗೆ ‘ನಾಲ್ಕು ಹೊಟ್ಟೆ’ ಎನ್ನುವುದು ಮಾತಿನ ರೂಢಿ. ಇರುವುದು ಒಂದೇ ಹೊಟ್ಟೆ, ನಾಲ್ಕು ಕೋಣೆ. ದೊಡ್ಡದಾದ ರೂಮೆನ್ ಎಡಗಡೆ ಇದೆ. ಕೊನೆಯ ಪಕ್ಕೆಲುಬಿನ ಹಿಂದಿನ ಎಡಗುಳಿಯಲ್ಲಿ ಮುಷ್ಟಿ ಒತ್ತಿ ಎರಡು ನಿಮಿಷ ನಿಂತರೆ, ಒಳಗಿನ ಮೇವು ಎರಡರಿಂದ ನಾಲ್ಕು ಬಾರಿ ಮುಷ್ಟಿಯನ್ನು ಹೊರಕ್ಕೆ ತಳ್ಳಬೇಕು. ತಳ್ಳದಿದ್ದರೆ ‘ಮೆಲುಕು ನಿಂತಿದೆ’. ಗುಳಿ ತುಂಬಿ ಬೆರಳಲ್ಲಿ ತಟ್ಟಿದರೆ ತಮಟೆಯಂತೆ ಸದ್ದು ಬಂದರೆ ‘ಹೊಟ್ಟೆಯುಬ್ಬರ’, ಕೂಡಲೇ ವೈದ್ಯರನ್ನು ಕರೆಯಬೇಕು.

ಉಳಿದ ಪ್ರಾಣಿಗಳು

ಕುರಿಯ ಗಂಡು ಟಗರು, ಮೇಕೆಯ ಗಂಡು ಹೋತ. ಎರಡರ ಎಳೆಯದೂ ಮರಿ. ‘ಮೇಕೆ’ ಮತ್ತು ‘ಆಡು’ ಒಂದೇ ಪ್ರಾಣಿಯ ಎರಡು ಹೆಸರು. ಕುರಿಗೂ ಮೇಕೆಗೂ ಗರ್ಭದ ಅವಧಿ ಸುಮಾರು 150 ದಿನ. ಕುರಿಯ ತಳಿಗಳಲ್ಲಿ ಮಳವಳ್ಳಿ ಕಡೆಯ ಬಂಡೂರು ಮಾಂಸಕ್ಕೆ, ಡೆಕ್ಕನಿ ಉಣ್ಣೆಗೆ ಮತ್ತು ಮಾಂಸಕ್ಕೆ ಹೆಸರಾದವು. (ಉಣ್ಣೆ ಎಂದರೆ ಕುರಿಯ ತುಪ್ಪಳವೂ ಹೌದು, ದನಕ್ಕೆ ಕಚ್ಚುವ ಹುಳವೂ ಹೌದು, ಔಷಧಿ ಅಂಗಡಿಯಲ್ಲಿ ಇದರಿಂದ ತೊಂದರೆಯಾದದ್ದನ್ನು ಮಾತ್ರ ನಾನು ಕಂಡಿಲ್ಲ.) ಹಂದಿಯ ಗರ್ಭ 114 ದಿನ: ಮೂರು ತಿಂಗಳು, ಮೂರು ವಾರ, ಮೂರು ದಿನ. ಕೋಳಿಯಲ್ಲಿ ಹುಂಜ ಮತ್ತು ಹೇಂಟೆ. ಕಾವಿಗೆ ಕೂತ 21ನೆಯ ದಿನ ಮರಿ. ಮೊಟ್ಟೆಗೆಂದು ಸಾಕುವುದು ಲೇಯರ್, ಮಾಂಸಕ್ಕೆಂದು ಸಾಕುವುದು ಬ್ರಾಯ್ಲರ್.

ವೈದ್ಯರಿಗೆ ಫೋನ್ ಮಾಡುವಾಗ

ರೋಗಗಳ ಊರುಹೆಸರುಗಳನ್ನು ತಿಳಿದಿರಿ: ಕಾಲುಬಾಯಿ ಜ್ವರ, ಗಳಲೆ (ಗಂಟಲು ಊದಿ ಉಸಿರು ಕಟ್ಟುವ ರೋಗ), ಚಪ್ಪೆ ಬೇನೆ (ತೊಡೆ, ಭುಜದ ಮಾಂಸ ಊದುವ ರೋಗ), ಚರ್ಮಗಂಟು ರೋಗ. ‘ದೊಡ್ಡ ರೋಗ’ ಎಂದು ಹಿರಿಯರು ಭಯದಿಂದ ಹೇಳುತ್ತಿದ್ದ ರಿಂಡರ್‌ಪೆಸ್ಟ್ ಮಾತ್ರ ಈಗ ಇಲ್ಲ. ಅದು ಜಗತ್ತಿನಿಂದಲೇ ತೊಲಗಿತೆಂದು 2011ರಲ್ಲಿ ಘೋಷಿಸಲಾಯಿತು. ‘ಕಂದು ಹಾಕಿತು’ ಎಂದರೆ ಅವಧಿಗೆ ಮುನ್ನ ಗರ್ಭಪಾತವಾಯಿತು ಎಂದರ್ಥ. ಅದಕ್ಕೆ ಕಾರಣವಾಗುವ ಬ್ರುಸೆಲ್ಲಾ ಎಂಬ ರೋಗಾಣು ಮನುಷ್ಯರಿಗೂ ಅಂಟುವುದರಿಂದ ಆ ಕಸವನ್ನು ಬರಿಗೈಯಲ್ಲಿ ಮುಟ್ಟಬಾರದು. ‘ನೆರಡಿ’ಯಿಂದ (ಆಂಥ್ರಾಕ್ಸ್) ಸತ್ತಿರಬಹುದೆಂಬ ಅನುಮಾನ ಬಂದರೆ, ಅಂದರೆ ಹಠಾತ್ತನೆ ಸತ್ತು ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ, ಆ ದನವನ್ನು ಕೊಯ್ಯಲೇಬಾರದು, ಗಾಳಿ ತಗುಲಿದ ರೋಗಾಣು ಬೀಜಕವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ.

ಹೆಸರೇ ದಾರಿ ತಪ್ಪಿಸುವ ರೋಗವೊಂದಿದೆ: ಹಾಲು ಜ್ವರ. ಅದರಲ್ಲಿ ಜ್ವರವೇ ಇಲ್ಲ. ಈದ ಮೂರು ದಿನದೊಳಗೆ ರಕ್ತದ ಸುಣ್ಣದ ಅಂಶ ಕುಸಿದು, ಹಸು ಏಳಲಾರದೆ ಕೂತುಬಿಡುತ್ತದೆ, ಮೈ ತಣ್ಣಗಾಗುತ್ತದೆ. ಮೂರನೆಯ ಸೂಲು ಮತ್ತು ಅದರಾಚೆಯ, ಹೆಚ್ಚು ಹಾಲಿನ ಹಸುಗಳಲ್ಲಿ ಇದು ಹೆಚ್ಚು. ‘ಡಾಕ್ಟ್ರೇ, ಹಸು ಮಲಗಿಬಿಟ್ಟಿದೆ, ಬೇಗ ಬನ್ನಿ’ ಎಂದಷ್ಟೇ ಹೇಳಿದರೆ ಅವರು ಹತ್ತು ಪ್ರಶ್ನೆ ಕೇಳಬೇಕಾಗುತ್ತದೆ. ಅದರ ಬದಲು ಹೀಗೆ ಹೇಳಿ ನೋಡಿ: ‘ಎಚ್‌ಎಫ್ ಮಿಶ್ರತಳಿ, ನಾಲ್ಕನೇ ಸೂಲು. ನಿನ್ನೆ ರಾತ್ರಿ ಈದಿದೆ, ಕಸ ಬಿದ್ದಿದೆ. ಬೆಳಿಗ್ಗೆ ಎಂಟು ಲೀಟರ್ ಗಿಣ್ಣು ಕರೆದೆವು. ಈಗ ಎದ್ದೇಳುತ್ತಿಲ್ಲ, ಕತ್ತನ್ನು ಪಕ್ಕೆಗೆ ತಿರುಗಿಸಿ ಕೂತಿದೆ, ಕಿವಿ ತಣ್ಣಗಿದೆ. ಟೆಂಪರೇಚರ್ 99.’ ಹಸುವಿನ ಸಹಜ ಉಷ್ಣತೆ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಎಂಬುದನ್ನು ಬಲ್ಲ ವೈದ್ಯರಿಗೆ ಇಷ್ಟು ಸಾಕು. ಅವರು ಕ್ಯಾಲ್ಸಿಯಂ ಬಾಟಲಿ ಹಿಡಿದೇ ಹೊರಡುತ್ತಾರೆ. ಅವರು ಬರುವವರೆಗೆ ಹುಲ್ಲಿನ ಹೊರೆಯನ್ನು ಎರಡೂ ಪಕ್ಕ ಆನಿಸಿ ಹಸುವನ್ನು ಎದೆಯ ಮೇಲೆ ಕೂರಿಸಿ ಇಡಿ, ಪಕ್ಕಕ್ಕೆ ಉರುಳಲು ಬಿಡಬೇಡಿ, ಬಾಯಿಗೆ ಏನನ್ನೂ ಹೊಯ್ಯಬೇಡಿ. ನುಂಗುವ ಶಕ್ತಿ ಕುಂದಿರುವುದರಿಂದ ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹತ್ತಿರದ ವೈದ್ಯರು ಸಿಗದಿದ್ದರೆ ಪಶು ಸಂಜೀವಿನಿ ಆಂಬುಲೆನ್ಸಿನ 1962ಕ್ಕೆ ಕರೆ ಮಾಡಿದಾಗಲೂ ಹೇಳಬೇಕಾದದ್ದು ಇವೇ ಮಾತುಗಳು.

ಫೋನಿನಲ್ಲಿ ಇಷ್ಟನ್ನು ತಡವರಿಸದೆ ಹೇಳಬೇಕಾದರೆ ಪ್ರತಿ ದನಕ್ಕೂ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಇರಬೇಕು. ತಲೆಬರಹವಾಗಿ ಕಿವಿಯೋಲೆಯ, ಅಂದರೆ ದನದ ಕಿವಿಗೆ ಹಾಕಿರುವ ಗುರುತಿನ ಬಿಲ್ಲೆಯ, 12 ಅಂಕಿಗಳು. ಅದರ ಕೆಳಗೆ ಎಷ್ಟನೆಯ ಸೂಲು, ಈದ ದಿನ, ಬೆದೆ ಕಂಡ ದಿನ, ಬೀಜ ಕೊಡಿಸಿದ ದಿನ, ಗಬ್ಬ ಖಚಿತವಾದ ದಿನ, ಹಾಲು ಬತ್ತಿಸಬೇಕಾದ ದಿನ, ಲಸಿಕೆಯ ದಿನ. ನಾನು ಈ ಪುಟವನ್ನು ಪೆನ್ಸಿಲ್ಲಿನಲ್ಲಿ ಬರೆಯುವುದಿಲ್ಲ. ಪದೇಪದೇ ಕೈ ತಗುಲಿ ಉಜ್ಜಿದಂತೆ ಪೆನ್ಸಿಲ್ ಗುರುತು ಮಸುಕಾಗುತ್ತದೆ.